ದುರ್ಗವೋ, ಸೂಳೆಕೆರೆಯೋ, ಬ್ರಹ್ಮಗಿರಿಯೋ: ಸೈಕಲ್ ಮೇಲೆ ಗುಂಪಾಗಿ ಹೊರಡುವ ಮುಂಚೆ

ದೀಪಾವಳಿ ಮುಗಿದು ಬೆಳಗಿನ ಹೊತ್ತು ಸ್ವೆಟರ್ ಬೇಕು ಅನ್ನಿಸುವ ವಾರ ಬಂದರೆ ಸಾಕು, ದಾವಣಗೆರೆಯಲ್ಲಿ ನನಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. “ಎಂಟು ಜನ ಇದ್ದೀವಿ. ಸೈಕಲ್ ಮೇಲೆ ಹೋಗಿ ಎಲ್ಲಾದರೂ ಟೆಂಟ್ ಹಾಕಿ ಮಲಗಿ ಬರಬೇಕು. ಅರ್ಧ ಜನ ಚಿತ್ರದುರ್ಗ ಅಂತಾರೆ, ಅರ್ಧ ಜನ ಸೂಳೆಕೆರೆ ಅಂತಾರೆ. ಯಾವುದು ಒಳ್ಳೇದು?” ಕುಂದವಾಡ ಕೆರೆ ಏರಿಯ ಮೇಲೆ ಬೆಳಗ್ಗೆ ಸೈಕಲ್ ತುಳಿಯುವವರ ನಡುವೆ ಈ ಜಗಳ ಪ್ರತಿ ವರ್ಷ ಇದ್ದದ್ದೇ. ಇತ್ತೀಚೆಗೆ ಯಾರೋ ಒಬ್ಬರು ಮೊಳಕಾಲ್ಮೂರು ಕಡೆಯ, ಅಶೋಕನ ಶಾಸನ ಇರುವ ಬ್ರಹ್ಮಗಿರಿಯ ಹೆಸರನ್ನೂ ಸೇರಿಸಿದ್ದಾರೆ. ಜಗಳ ಈಗ ಮೂರು ಕಡೆಗೆ ಹಂಚಿಹೋಗಿದೆ.

ನಾನು ಈ ಮೂರೂ ದಾರಿ ತುಳಿದಿದ್ದೇನೆ. ಕೆಲವನ್ನು ಎರಡೆರಡು ಸಲ. ಮೊದಲ ಸಲ ಹೊರಟಾಗ ನಾವೂ ಊರು ನೋಡಿ ದಾರಿ ಆರಿಸಿದವರೇ. ಏಳು ಸುತ್ತಿನ ಕೋಟೆ, ಬಂಡೆ, ಅದರ ಕೆಳಗೆ ಟೆಂಟ್, ಮೇಲೆ ಚಂದ್ರ. ಚಿತ್ರ ಮನಸ್ಸಿನಲ್ಲಿ ಚೆನ್ನಾಗಿತ್ತು. ಹನ್ನೊಂದು ಜನ ಹೊರಟೆವು. ದುರ್ಗ ಮುಟ್ಟಿದಾಗ ರಾತ್ರಿ ಏಳೂವರೆ. ಕೋಟೆ ಬಾಗಿಲು ಮುಚ್ಚಿತ್ತು, ಚಂದ್ರವಳ್ಳಿ ಕಡೆಯೂ ಒಳಗೆ ಬಿಡಲಿಲ್ಲ. ಟೆಂಟು, ಪಾತ್ರೆ, ಸೌಟು ಎಲ್ಲ ಹೊತ್ತುಕೊಂಡು ಊರ ತುಂಬ ಟಾರ್ಚ್ ಹಿಡಿದು ಅಲೆದೆವು. ಕೊನೆಗೆ ಒಬ್ಬನ ಚಿಕ್ಕಮ್ಮನ ಮನೆ ತಾರಸಿ ಮೇಲೆ ಮಲಗಿದೆವು. ಆಕೆ ಪಾಪ, ಹನ್ನೊಂದು ಜನಕ್ಕೆ ರಾತ್ರಿ ಒಂಬತ್ತಕ್ಕೆ ಉಪ್ಪಿಟ್ಟು ಕೆದಕಿ ಹಾಕಿದರು. ತಪ್ಪು ಯಾರದ್ದೂ ಅಲ್ಲ, ನಮ್ಮದೇ. ಅವತ್ತಿನಿಂದ ನಾನು ಹೇಳುವುದು ಒಂದೇ ಮಾತು: ಮೊದಲು ರಾತ್ರಿ ಎಲ್ಲಿ ಅಂತ ಗೊತ್ತುಮಾಡಿಕೊಳ್ಳಿ, ಆಮೇಲೆ ಊರು ಆರಿಸಿ.

ಹಾಗಾಗಿ ದಾರಿಗಳ ಕಥೆಗೆ ಮುಂಚೆ, ಯಾವ ಲೆಕ್ಕದಲ್ಲಿ ಅಳೆಯಬೇಕು ಅನ್ನುವುದನ್ನು ಹೇಳಿಬಿಡುತ್ತೇನೆ.

ಅಳೆಯುವುದು ಹೇಗೆ

ಮೊದಲನೆಯದು ಗುಂಪಿನಲ್ಲಿ ಕೊನೆಗೆ ಬರುವವರು. ನಮ್ಮಲ್ಲಿ ಅದು ನನ್ನ ಸೋದರಮಾವ. ಐವತ್ತಾರು ವರ್ಷ, ಸ್ವಲ್ಪ ಹೊಟ್ಟೆ, ಬಹಳ ಉತ್ಸಾಹ. ಮುಂದೆ ಹೋಗುವ ಹುಡುಗರಿಗೆ 100 ಕಿ.ಮೀ. ಲೆಕ್ಕವೇ ಅಲ್ಲ. ಆದರೆ ದಿನದ ದೂರ ನಿಗದಿ ಮಾಡಬೇಕಾದದ್ದು ಮಾವನ ಮಂಡಿ. ಸಾಮಾನು ಹೇರಿಕೊಂಡು, ಏರು ಇಳಿಜಾರಿನ ದಾರಿಯಲ್ಲಿ, ಹೊಸಬರು ದಿನಕ್ಕೆ 45ರಿಂದ 55 ಕಿ.ಮೀ. ತುಳಿದರೆ ಅದೇ ಹೆಚ್ಚು. ಬರಿಗೈಯಲ್ಲಿ ಕುಂದವಾಡ ಕೆರೆ ನಾಲ್ಕು ಸುತ್ತು ಹಾಕಿದ್ದನ್ನು ಇದಕ್ಕೆ ಹೋಲಿಸಬೇಡಿ.

ಎರಡನೆಯದು ಮಲಗುವ ಜಾಗ. ನಮ್ಮ ಕಡೆ “ಎಲ್ಲಾದರೂ ಟೆಂಟ್ ಹಾಕೋಣ” ಅನ್ನುವುದು ನಡೆಯುವ ಮಾತಲ್ಲ. ಕೋಟೆ, ಪುಷ್ಕರಣಿ, ಶಾಸನದ ಜಾಗಗಳೆಲ್ಲ ಪುರಾತತ್ವ ಇಲಾಖೆಯವು. ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಗುಡ್ಡ ಎಂದರೆ ಬಹುಪಾಲು ಅರಣ್ಯ ಇಲಾಖೆ. ಈ ಕಲ್ಲುಗುಡ್ಡಗಳಲ್ಲಿ ಕರಡಿ ಇದೆ, ಚಿರತೆ ಇದೆ. ಶೇಂಗಾ ಬಲಿತ ಕಾಲದಲ್ಲಿ ಕರಡಿ ಹೊಲಕ್ಕೇ ಇಳಿಯುತ್ತದೆ. ಉಳಿಯುವುದು ಶಾಲೆಯ ಅಂಗಳ, ಗುಡಿ ಮುಂದಿನ ಬಯಲು, ಸಮುದಾಯ ಭವನ, ಇಲ್ಲವೇ ಗುರುತಿನವರ ತೋಟ. ಎಲ್ಲಕ್ಕೂ ಮುಂಚೆ ಒಂದು ಫೋನ್ ಬೇಕು. ಗ್ರಾಮ ಪಂಚಾಯ್ತಿ ಪಿಡಿಒಗೋ, ಶಾಲೆಯ ಹೆಡ್ ಮಾಸ್ತರರಿಗೋ, ಗುಡಿಯ ಪೂಜಾರಪ್ಪನಿಗೋ.

ಮೂರನೆಯದು ನೀರು. ನಾಲ್ಕನೆಯದು, ಯಾರಿಗಾದರೂ ಕೈಲಾಗದೆ ಹೋದರೆ ವಾಪಸ್ ಬರುವ ದಾರಿ: ಹತ್ತಿರ ರೈಲ್ವೆ ಸ್ಟೇಷನ್ನೋ, ಟಾಪ್ ಮೇಲೆ ಕ್ಯಾರಿಯರ್ ಇರುವ ಪ್ರೈವೇಟ್ ಬಸ್ಸೋ ಇದೆಯೇ? ಐದನೆಯದನ್ನು ಯಾರೂ ಯೋಚಿಸುವುದಿಲ್ಲ. ನೋಡುವ ಜಾಗಕ್ಕೆ ಹೋದಾಗ ಹತ್ತು ಸೈಕಲ್, ಹತ್ತು ಬ್ಯಾಗ್ ಯಾರ ಕೈಗೆ ಕೊಟ್ಟು ಹೋಗುತ್ತೀರಿ?

ದುಡ್ಡನ್ನು ಕೊನೆಗೆ ಇಟ್ಟಿದ್ದೇನೆ. ಯಾಕೆಂದರೆ ಈ ಮೂರು ದಾರಿಗಳ ನಡುವೆ ಖರ್ಚಿನ ವ್ಯತ್ಯಾಸ ಬರುವುದು ದಾರಿಯಿಂದಲ್ಲ, ಸಾಮಾನು ಯಾರು ಹೊರುತ್ತಾರೆ ಅನ್ನುವುದರಿಂದ. ಅದನ್ನು ಆಮೇಲೆ ನೋಡೋಣ.

ಸೂಳೆಕೆರೆ ಸುತ್ತು

ದಾವಣಗೆರೆಯಿಂದ ಸಂತೇಬೆನ್ನೂರು, ಅಲ್ಲಿಂದ ಸೂಳೆಕೆರೆ, ಮರುದಿನ ಇನ್ನೊಂದು ದಾರಿಯಲ್ಲಿ ವಾಪಸ್. ಒಟ್ಟು 100 ಕಿ.ಮೀ. ಆಸುಪಾಸು. ಚನ್ನಗಿರಿ ಬೆಟ್ಟವನ್ನೂ ಸೇರಿಸಿದರೆ ಇನ್ನೊಂದು 30 ಹೆಚ್ಚು.

ಮೊದಲ ಸಲ ಹೊರಡುವ ಗುಂಪಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಭದ್ರಾ ನಾಲೆಯ ನೀರು ಹರಿಯುವ ಸೀಮೆ. ಗದ್ದೆ, ಅಡಿಕೆ ತೋಟ, ಹತ್ತು ಕಿಲೋಮೀಟರ್ ಒಳಗೆ ಒಂದು ಊರು, ಊರಿಗೊಂದು ಚಾ ಅಂಗಡಿ. ಏರು ಇದೆ, ಆದರೆ ಇಳಿದು ತಳ್ಳುವಂಥದ್ದು ಕಡಿಮೆ. ಮಾವ ಸಂತೇಬೆನ್ನೂರಿನವರೆಗೆ ಎಲ್ಲೂ ಇಳಿಯಲಿಲ್ಲ. ಅದನ್ನು ಇವತ್ತಿಗೂ ಮದುವೆ ಮನೆಗಳಲ್ಲಿ ಹೇಳುತ್ತಾರೆ.

ಸಂತೇಬೆನ್ನೂರಿನ ಪುಷ್ಕರಣಿ ಮುಂದೆ ಸೈಕಲ್ ನಿಲ್ಲಿಸಿದರೆ ಕಾಲಿನ ನೋವು ಮರೆಯುತ್ತದೆ. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನಾಲ್ಕೂ ಕಡೆ ಮೆಟ್ಟಿಲು, ನಡುವೆ ನೀರಿನಲ್ಲಿ ವಸಂತ ಮಂಟಪ. ಕಮಾನು ನೋಡಿದರೆ ಬಿಜಾಪುರ ನೆನಪಾಗುತ್ತದೆ, ಶಿಖರ ನೋಡಿದರೆ ನಮ್ಮ ಗುಡಿ ನೆನಪಾಗುತ್ತದೆ. ಪಕ್ಕದಲ್ಲೇ ಮುಸಾಫಿರ್‌ಖಾನೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕಾಲದ್ದು ಅನ್ನುತ್ತಾರೆ. ಹೆಸರೇ ಹೇಳುವ ಹಾಗೆ ದಾರಿಹೋಕರು ತಂಗಲೆಂದು ಇದ್ದ ಕಟ್ಟಡ. ಈಗ ದಾರಿಹೋಕರು ಸಂಜೆಯೊಳಗೆ ಹೊರಗೆ ಬರಬೇಕು. ನಮ್ಮ ಹುಡುಗನೊಬ್ಬ ಕಾವಲಿನವರನ್ನು ಕೇಳಿಯೂ ನೋಡಿದ. ಅವರು ನಕ್ಕರು ಅಷ್ಟೆ. ಇಡೀ ಜಾಗ ಒಂದೇ ನೋಟಕ್ಕೆ ಸಿಗುತ್ತದೆ, ಮುಕ್ಕಾಲು ಗಂಟೆ ಸಾಕು. ಸೈಕಲ್‌ಗಳ ಹತ್ತಿರ ಇಬ್ಬರು ನಿಂತು, ಸರದಿ ಮೇಲೆ ನೋಡಿಬಂದರೆ ಆಯಿತು. ನಾವು ನಿಂತಿದ್ದಾಗ ಒಬ್ಬ ಅಜ್ಜ ಬಂದು, ಸೈಕಲ್ ಹಿಂದೆ ಕಟ್ಟಿದ ಗಂಟನ್ನೆಲ್ಲ ಕೈಯಲ್ಲಿ ಒತ್ತಿ ನೋಡಿ, “ಯಾವೂರೋರಪ್ಪ? ದಾವಣಗೆರೆ ಬಸ್ಸು ಇವತ್ತು ಬರಲಿಲ್ವಾ?” ಎಂದು ಕೇಳಿದರು.

ಅಲ್ಲಿಂದ ಸೂಳೆಕೆರೆ ಒಂದೂವರೆ ಗಂಟೆ ದಾರಿ. ಬೋರ್ಡಿನ ಮೇಲೆ ಶಾಂತಿಸಾಗರ ಅಂತ ಇರುತ್ತದೆ, ದಾರಿ ಕೇಳುವಾಗ ಸೂಳೆಕೆರೆ ಅಂತಲೇ ಕೇಳಿ. ರಾಜಕುಮಾರಿ ಶಾಂತವ್ವ ಈ ಕೆರೆ ಕಟ್ಟಿಸಲು ಹೊರಟಾಗ ಜಾಗ ವೇಶ್ಯೆಯರದ್ದಾಗಿತ್ತಂತೆ. ಕೆರೆಗೆ ನಮ್ಮ ಹೆಸರಿಡಬೇಕು ಅನ್ನುವ ಷರತ್ತಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರಂತೆ. ಕಥೆ ನಿಜವೋ ಸುಳ್ಳೋ, ಎರಡು ಗುಡ್ಡದ ನಡುವೆ ಅಡ್ಡ ಹಾಕಿದ ಆ ಏರಿ ಮೇಲೆ ನಿಂತರೆ ಕಟ್ಟಿಸಿದವರ ಎದೆಗಾರಿಕೆ ತಿಳಿಯುತ್ತದೆ. ಆಚೆ ದಡ ಮಸುಕು ಮಸುಕು. ದುರ್ಗದ ನಲ್ಲಿಗೆ ಹೋಗುವ ನೀರು ಇಲ್ಲಿಂದಲೇ. ಹರಿದ್ರಾ ಹಳ್ಳ ಇಲ್ಲಿಂದ ಹೊರಟು ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತದೆ.

ಮಲಗುವುದು? ಏರಿ ಮೇಲೆ ಬೇಡ. ನಾವು ಒಂದು ಸಲ ಕೆರೆ ದಂಡೆಗೆ ಹತ್ತಿರ ಟೆಂಟ್ ಹಾಕಿದ್ದೆವು. ಸಂಜೆ ಸ್ವರ್ಗ. ರಾತ್ರಿ ಹತ್ತರ ಮೇಲೆ ನೀರ ಕಡೆಯಿಂದ ಗಾಳಿ ಎದ್ದು ಎರಡು ಟೆಂಟ್ ಮಗುಚಿದವು. ಗಾಳಿ ನಿಂತ ಮೇಲೆ ಸೊಳ್ಳೆ. ಬೆಳಗ್ಗೆ ಹೊತ್ತಿಗೆ ಹಾಸಿಗೆ ಎಲ್ಲ ಇಬ್ಬನಿಗೆ ತೊಯ್ದು ತೊಪ್ಪೆ. ಮುಂದಿನ ಸಲ ಹತ್ತಿರದ ಊರಿನ ಶಾಲೆ ಅಂಗಳ ಕೇಳಿಕೊಂಡೆವು. ಶನಿವಾರ ಮಧ್ಯಾಹ್ನದ ಮೇಲೆ ಶಾಲೆ ಖಾಲಿ, ಭಾನುವಾರ ರಜೆ. ಬೋರ್‌ವೆಲ್ ನೀರು, ಶೌಚಾಲಯ, ಮಳೆ ಬಂದರೆ ಜಗಲಿ. ಹೊರಡುವಾಗ ಕಸ ಗುಡಿಸಿ, ಶಾಲೆಗೆ ಎರಡು ವಾಲಿಬಾಲ್ ಕೊಟ್ಟು ಬಂದೆವು.

ಈ ದಾರಿಯ ಕೊರತೆಯನ್ನೂ ಹೇಳಬೇಕಲ್ವಾ. ನವೆಂಬರ್ ತಿಂಗಳಲ್ಲಿ ಅರ್ಧ ರಸ್ತೆ ಮೆಕ್ಕೆಜೋಳದ ಕಣ. ಕಾಳನ್ನು ಟಾರ್ ಮೇಲೆ ಹರವಿ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಅದರ ಮೇಲೆ ಸೈಕಲ್ ಹತ್ತಿದರೆ ಗೋಲಿ ಮೇಲೆ ಹೋದ ಹಾಗೆ, ಬ್ರೇಕ್ ಹಿಡಿದರಂತೂ ನೆಲಕ್ಕೇ. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ಅವರ ವರ್ಷದ ದುಡಿಮೆ ಅದು. ಇನ್ನೊಂದು, ಕಷ್ಟಪಟ್ಟು ಗುಡ್ಡ ಹತ್ತಿದೆ ಅನ್ನುವ ಖುಷಿ ಬೇಕು ಅನ್ನುವವರಿಗೆ ಇದು ಸಪ್ಪೆ.

ದುರ್ಗ

ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಆದರೆ ಆರು ಪಥದ ಹೆದ್ದಾರಿಯಲ್ಲಿ ಹತ್ತು ಸೈಕಲ್ ಸಾಲಾಗಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಸರ್ವಿಸ್ ರಸ್ತೆ ನಡುನಡುವೆ ಮಾಯವಾಗುತ್ತದೆ, ಎದುರಿನಿಂದ ಟ್ರ್ಯಾಕ್ಟರ್ ಬರುತ್ತದೆ. ಮಾಯಕೊಂಡ, ಸಿರಿಗೆರೆ ಮೇಲಿನ ಒಳದಾರಿ ಹಿಡಿದರೆ 70 ದಾಟುತ್ತದೆ, ಆದರೆ ನೆಮ್ಮದಿ. ಮಾಯಕೊಂಡದಲ್ಲಿ ಚಾ ಕುಡಿಯುವಾಗ ನೆನಪಿರಲಿ, 1748ರಲ್ಲಿ ದುರ್ಗದ ಒಬ್ಬ ಮದಕರಿ ನಾಯಕ ಸತ್ತದ್ದು ಇಲ್ಲಿನ ಯುದ್ಧದಲ್ಲಿ. ಹೈದರಾಲಿಯ ಕೈಗೆ ಸಿಕ್ಕ ಕೊನೆಯ ಮದಕರಿಯಲ್ಲ, ಅವನಿಗಿಂತ ಮುಂಚಿನವನು. ಮಾಯಕೊಂಡಕ್ಕೆ ರೈಲ್ವೆ ಸ್ಟೇಷನ್ ಇದೆ. ಮಂಡಿ ಕೈಕೊಟ್ಟವರಿಗೆ ಅದು ಇತಿಹಾಸಕ್ಕಿಂತ ಮುಖ್ಯ.

ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ. ಅಂದರೆ ಹೋಗುವಾಗ ಎದೆಗೆ, ಬರುವಾಗ ಬೆನ್ನಿಗೆ. ಆಷಾಢದಲ್ಲಿ ತಿರುವುಮುರುವು, ಅದೂ ಸಿಕ್ಕಾಪಟ್ಟೆ ಜೋರು. ದುರ್ಗದ ಸುತ್ತ ಗುಡ್ಡದ ನೆತ್ತಿಯ ಮೇಲೆಲ್ಲ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕಡೆ ಸೈಕಲ್ ಬೇಡವೇ ಬೇಡ.

ನೋಡುವುದಕ್ಕೆ ದುರ್ಗಕ್ಕೆ ಸಾಟಿ ಇಲ್ಲ, ಇದನ್ನು ದಾವಣಗೆರೆಯವನಾಗಿಯೂ ಒಪ್ಪುತ್ತೇನೆ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ, ತಿರುಗಿದರೆ ಇನ್ನೊಂದು ಬಾಗಿಲು. ಶತ್ರು ಆನೆ ಓಡಿಸಿಕೊಂಡು ಬಂದು ಗುದ್ದದ ಹಾಗೆ ದಾರಿಯನ್ನೇ ಸೊಟ್ಟ ಮಾಡಿದ್ದಾರೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಹಿಡಿಂಬೇಶ್ವರ, ಏಕನಾಥೇಶ್ವರಿ. ಓಬವ್ವನ ಕಿಂಡಿಯಲ್ಲಿ ಮಾವ ಒಳಗೆ ತೂರಲು ಹೋಗಿ ಅರ್ಧಕ್ಕೇ ವಾಪಸ್ ಬಂದು, “ಹೈದರನ ಸೈನಿಕರು ಊಟ ಮಾಡ್ತಿರಲಿಲ್ಲ ಅಂತ ಕಾಣ್ತದೆ” ಎಂದರು. 1779ರಲ್ಲಿ ಕೋಟೆ ಹೈದರನ ವಶವಾಯಿತು. ಸರಿಯಾಗಿ ನೋಡಲು ಅರ್ಧ ದಿನ ಬೇಕು. ಚಂದ್ರವಳ್ಳಿ ಬೇರೆ: ಕಣಿವೆ, ಕೆರೆ, ಅಂಕಲಿ ಮಠದ ಗುಹೆಗಳು, ಕದಂಬರ ಮಯೂರಶರ್ಮನ ಶಾಸನ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಉತ್ಖನನ ಮಾಡಿದರು.

ತೊಡಕು ಏನೆಂದರೆ, ಇವೆಲ್ಲ ಸೈಕಲ್ ಒಯ್ಯುವ ಜಾಗಗಳಲ್ಲ. ಮೆಟ್ಟಿಲು, ಬಂಡೆ. ನಿನ್ನೆ 70 ಕಿ.ಮೀ. ತುಳಿದ ಕಾಲಲ್ಲಿ ಇವತ್ತು ಕೋಟೆ ಹತ್ತಬೇಕು, ನಾಳೆ ಮತ್ತೆ 70. ಎರಡೇ ದಿನ ಇದ್ದರೆ ಕೋಟೆಯ ಬಾಗಿಲಲ್ಲಿ ಒಂದು ಫೋಟೊ ತೆಗೆದು ವಾಪಸ್ ಬಂದಂತೆ. ದುರ್ಗಕ್ಕೆ ಮೂರು ದಿನ ಇಟ್ಟುಕೊಳ್ಳಿ. ಇಲ್ಲವಾದರೆ ಸೈಕಲ್‌ಗಳನ್ನು ಗಾಡಿಯಲ್ಲಿ ದುರ್ಗಕ್ಕೆ ಸಾಗಿಸಿ, ಅಲ್ಲೇ ಸುತ್ತಾಡಿ.

ಊರಲ್ಲೇ ಇದ್ದು ಜೋಗಿಮಟ್ಟಿ ಹತ್ತುವುದು ಗಟ್ಟಿ ಕಾಲಿನವರಿಗೆ ಹೇಳಿ ಮಾಡಿಸಿದ್ದು. ದುರ್ಗದ ಊರು ಸುಮಾರು 730 ಮೀಟರ್ ಎತ್ತರದಲ್ಲಿದೆ, ಜೋಗಿಮಟ್ಟಿಯ ನೆತ್ತಿ 1,300 ಮೀಟರ್ ದಾಟುತ್ತದೆ. ದೂರ ಹತ್ತು ಕಿಲೋಮೀಟರ್ ಆಸುಪಾಸು. ಗೇರ್ ಇಲ್ಲದ ಸೈಕಲ್ ಆದರೆ ಅದು ನಿಮ್ಮನ್ನು ಹೊರುವುದಿಲ್ಲ, ನೀವೇ ಅದನ್ನು ಹೊರಬೇಕು. ಮೇಲೆ ಕಾಡು ಅರಣ್ಯ ಇಲಾಖೆಯದು. ಅನುಮತಿ ಇಲ್ಲದೆ ಹೋಗುವಂತಿಲ್ಲ, ಟೆಂಟ್‌ನ ಮಾತೇ ಇಲ್ಲ. ಬೆಳಗ್ಗೆ ಹತ್ತಿ ಮಧ್ಯಾಹ್ನದೊಳಗೆ ಇಳಿಯುವ ಲೆಕ್ಕ ಇಟ್ಟುಕೊಳ್ಳಿ. ಇಳಿಯುವ ಮುಂಚೆ ಬ್ರೇಕ್ ನೋಡಿಕೊಳ್ಳಿ. ನಮ್ಮ ಒಬ್ಬ ಹುಡುಗ ಬಾಡಿಗೆ ಸೈಕಲ್ ತಂದಿದ್ದ. ಎರಡನೇ ತಿರುವಿಗೆ ಹಿಂದಿನ ಬ್ರೇಕ್ ತಂತಿ ಕಿತ್ತು ಕೈಗೆ ಬಂತು. ಚಪ್ಪಲಿ ನೆಲಕ್ಕೆ ಒತ್ತಿ ನಿಲ್ಲಿಸಿದ. ಬಾಡಿಗೆ ಸೈಕಲ್ ತರುವವರು ಅಂಗಡಿ ಮುಂದೆಯೇ ಎರಡು ಬ್ರೇಕನ್ನೂ ಹಿಂಡಿ, ಸೈಕಲ್ ಮುಂದಕ್ಕೆ ತಳ್ಳಿ ನೋಡಿ.

ರಾತ್ರಿಗೆ ದುರ್ಗದಲ್ಲಿ ಟೆಂಟ್‌ನ ಆಸೆ ಬಿಡಿ. ಲಾಡ್ಜು, ಇಲ್ಲವೇ ಕಲ್ಯಾಣ ಮಂಟಪದ ಹಾಲ್. ಮದುವೆ ಸೀಸನ್ ಅಲ್ಲದಿದ್ದರೆ ಹಾಲ್ ಅಗ್ಗಕ್ಕೆ ಸಿಗುತ್ತದೆ, ಸೈಕಲ್‌ಗಳೂ ಒಳಗೇ ಮಲಗುತ್ತವೆ. ಟೆಂಟ್ ಬೇಕೇ ಬೇಕು ಅನ್ನುವವರು ಊರಿಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ಮುಂಚೆಯೇ ಯಾವುದಾದರೂ ಹಳ್ಳಿಯಲ್ಲಿ ತೋಟ ಗೊತ್ತುಮಾಡಿಕೊಂಡಿರಬೇಕು.

ಬ್ರಹ್ಮಗಿರಿ

ಇದು ಮೂರರಲ್ಲಿ ಕಷ್ಟದ್ದು, ನನಗೆ ಹೆಚ್ಚು ಇಷ್ಟವಾದದ್ದು. ದುರ್ಗದಿಂದ ಶುರು. ನಾಯಕನಹಟ್ಟಿಯಲ್ಲಿ ಮೊದಲ ರಾತ್ರಿ, ಮೊಳಕಾಲ್ಮೂರು ದಾಟಿ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ. ವಾಪಸ್ ಬರುವುದನ್ನೂ ಸೇರಿಸಿದರೆ 200 ಕಿ.ಮೀ. ಹತ್ತಿರ. ನಾಲ್ಕು ದಿನ ಇಟ್ಟುಕೊಳ್ಳಿ, ಬರುವಾಗ ಗಾಡಿ ಹತ್ತುವುದಾದರೆ ಮೂರು.

ಇಲ್ಲಿ ನೆರಳಿಲ್ಲ. ಬಯಲು, ಹುಲ್ಲು, ಶೇಂಗಾ ಹೊಲ, ದೂರದಲ್ಲಿ ಯಾರೋ ಪೇರಿಸಿಟ್ಟಂಥ ಬಂಡೆಗುಡ್ಡಗಳು. ಅಮೃತಮಹಲ್ ದನಗಳು ಮೇಯುವ ಕಾವಲುಗಳ ಸೀಮೆ ಇದು. ಹತ್ತೂವರೆ ಆದ ಮೇಲೆ ಬಿಸಿಲು ಜನವರಿಯಲ್ಲೂ ಚುರುಗುಟ್ಟುತ್ತದೆ. ಒಬ್ಬೊಬ್ಬರ ಹತ್ತಿರ ಮೂರು ಲೀಟರ್ ನೀರು ಇರಲೇಬೇಕು. ಐದೂವರೆಗೆ ಎದ್ದು, ಆರಕ್ಕೆ ಹೊರಟು, ಹನ್ನೊಂದಕ್ಕೆ ಹುಣಸೆ ಮರದ ಕೆಳಗೆ ಸೇರಿಕೊಳ್ಳುವ ದಿನಚರಿ.

ಮತ್ತೆ ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳು ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ನಿಜವಾದ ಕಳ್ಳ ನೆಗ್ಗಿಲು. ನೆಲಕ್ಕೆ ಅಂಟಿಕೊಂಡು ಹರಡುವ ಬಳ್ಳಿ, ಪುಟ್ಟ ಹಳದಿ ಹೂವು, ಕಡಲೆ ಗಾತ್ರದ ಕಾಯಿ. ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನಿಂತೇ ಇರುತ್ತದೆ. ಕುರಿಯವರಿಗೆ ದಾರಿ ಬಿಡಲು ರಸ್ತೆಯಿಂದ ಕೆಳಗೆ ಇಳಿದದ್ದೇ ತಪ್ಪಾಯಿತು. ಒಂದೇ ಬೆಳಗ್ಗೆ ಆರು ಪಂಕ್ಚರ್. ಅಂಗೈಯಲ್ಲಿ ಟಯರ್ ಸವರಿ ಒಂದೊಂದೇ ಮುಳ್ಳು ಕಿತ್ತೆವು. ನಾಲ್ಕು ಸೈಕಲ್‌ಗೆ ನಾಲ್ಕು ಅಳತೆಯ ಟ್ಯೂಬ್, ಅದು ಇನ್ನೊಂದು ಪೀಕಲಾಟ. ಆದಷ್ಟು ಒಂದೇ ಅಳತೆಯ ಚಕ್ರ ಇರುವವರು ಜೊತೆಗೂಡಿ. ಸಣ್ಣ ಬಾಯಿಯ ಪ್ರೆಸ್ಟಾ ವಾಲ್ವ್ ಇರುವ ಸೈಕಲ್ ಆದರೆ ಹಳ್ಳಿಯ ಪಂಪ್ ಹಿಡಿಯುವುದಿಲ್ಲ. ಬೆಳ್ಳುಳ್ಳಿ ಎಸಳಿನಷ್ಟು ಪುಟ್ಟ ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಇಷ್ಟೆಲ್ಲ ಕಷ್ಟಪಟ್ಟು ನೋಡುವುದು ಏನು? ಒಂದು ಬಂಡೆ. ಊರವರು ಅಕ್ಷರಗುಂಡು ಅನ್ನುತ್ತಾರೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿನ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಒಂದಕ್ಕೊಂದು ಹತ್ತಿರ. ತಂದೆತಾಯಿಯ ಮಾತು ಕೇಳಿ, ಗುರುಗಳಿಗೆ ಮರ್ಯಾದೆ ಕೊಡಿ, ಜೀವಿಗಳಿಗೆ ದಯೆ ತೋರಿಸಿ, ಸತ್ಯ ಹೇಳಿ. ಬ್ರಾಹ್ಮಿ ಲಿಪಿಯಲ್ಲಿ ಇಷ್ಟು ಕೊರೆದ ಲಿಪಿಕಾರ ಚಪಡ, ಕೊನೆಗೆ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಎಲ್ಲಿಂದಲೋ ಬಂದವನು ನಮ್ಮ ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು ಉಳಿ ಹಿಡಿದಿದ್ದ! ಸುತ್ತಮುತ್ತ ಬೃಹತ್ ಶಿಲಾಯುಗದ ಕಲ್ಲುಗೋರಿಗಳೂ ಇವೆ. ಗುಂಪಿನಲ್ಲಿ ಇಂಥದ್ದರ ಹುಚ್ಚು ಇರುವವರು ಇಬ್ಬರಾದರೂ ಇದ್ದರೆ ಹೋಗಿ. ಇಲ್ಲದಿದ್ದರೆ “ಇಷ್ಟು ದೂರ ಬಂದದ್ದು ಈ ಕಲ್ಲಿಗಾ?” ಅನ್ನುವ ಮಾತು ಖಂಡಿತ ಬರುತ್ತದೆ. ನಮ್ಮಲ್ಲೂ ಬಂತು.

ರಾತ್ರಿಗಳ ಮಟ್ಟಿಗೆ ಈ ದಾರಿ ದುರ್ಗಕ್ಕಿಂತ ವಾಸಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಊರು, ಯಾತ್ರಿಗಳನ್ನು ಕಂಡು ಗೊತ್ತಿರುವ ಊರು. ಕೇಳಿದರೆ ಜಾಗ ಸಿಗುತ್ತದೆ. ಮಾರ್ಚ್ ಸುಮಾರಿಗೆ ಬರುವ ಜಾತ್ರೆ ದಿನ ಮಾತ್ರ ಸೈಕಲ್ ಇರಲಿ, ಕಾಲಿಡಲೂ ಜಾಗ ಇರುವುದಿಲ್ಲ. ಮುಂದೆ ಬಂಡೆಗುಡ್ಡದ ಬುಡದಲ್ಲಿ ಒಂಟಿಯಾಗಿ ಟೆಂಟ್ ಹಾಕಬೇಡಿ, ಕರಡಿಯ ಮಾತು ಆಗಲೇ ಹೇಳಿದೆ. ಊರೊಳಗೆ ಗುಡಿಯ ಮುಂದೆ ಮಲಗಿ.

ಮಿಕ್ಕವು

ಮಾರಿಕಣಿವೆಯನ್ನು ಯಾಕೆ ಬಿಟ್ಟಿರಿ ಎಂದು ಹಿರಿಯೂರಿನ ಸ್ನೇಹಿತರು ಬೈಯುತ್ತಾರೆ. ಬಿಟ್ಟಿಲ್ಲ. ಅಲ್ಲಿನ ಅಣೆಕಟ್ಟು, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಚೆಂದವೇ. 1933ರಲ್ಲಿ ತುಂಬಿದ್ದು ಮತ್ತೆ ತುಂಬಿ ಕೋಡಿ ಬಿದ್ದದ್ದು 2022ರಲ್ಲಿ. ಆವಾಗ ಅರ್ಧ ಜಿಲ್ಲೆ ನೋಡಲು ಹೋಗಿತ್ತು. ಆದರೆ ದುರ್ಗದಿಂದ ಹಿರಿಯೂರಿನವರೆಗೆ 40 ಕಿ.ಮೀ. ಹೆದ್ದಾರಿಯೇ. ಅದಕ್ಕೇ ಗುಂಪಿಗೆ ಹೇಳುವುದಿಲ್ಲ.

ಒಂದೇ ರಾತ್ರಿ, ಮಕ್ಕಳೂ ಇದ್ದಾರೆ ಅಂದರೆ ಕೊಂಡಜ್ಜಿ. ದಾವಣಗೆರೆಗೆ ಹತ್ತಿರ, ಕೆರೆ, ಗುಡ್ಡ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ. ಮುಂಚೆ ಮಾತಾಡಿಕೊಂಡು ಹೋಗಿ. ಮರುದಿನ ಹರಿಹರಕ್ಕೆ ಹೋಗಿ ಹರಿಹರೇಶ್ವರನ ಗುಡಿ ನೋಡಬಹುದು. ಹೊಯ್ಸಳರ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ್ದು. ಅಲ್ಲಿಂದ ಮನೆಗೆ 14 ಕಿ.ಮೀ., ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು.

ಸಾಮಾನು ಯಾರು ಹೊರುತ್ತಾರೆ

ಈಗ ದುಡ್ಡಿನ ವಿಷಯ. ಸಾಮಾನನ್ನು ಮೂರು ರೀತಿ ಒಯ್ಯಬಹುದು. ಬೆನ್ನಿಗೆ ಬ್ಯಾಗ್ ಹಾಕುವುದು ಪುಕ್ಕಟೆ, ಆದರೆ ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಸೊಂಟ, ಭುಜ ಎರಡೂ ಹಿಡಿಯುತ್ತವೆ. ಬೇಡ. ಹಿಂದಿನ ಕ್ಯಾರಿಯರ್‌ಗೆ ಎರಡು ಕಡೆ ಬ್ಯಾಗ್ ಇಳಿಬಿಡುವುದು ಸರಿಯಾದ ರೀತಿ. ಅಂಗಡಿಯ ಪ್ಯಾನಿಯರ್ ಬ್ಯಾಗಿಗೆ ಸಾವಿರಗಟ್ಟಲೆ ಆಗುತ್ತದೆ. ನಾವು ಮೊದಲು ಮಾಡಿದ್ದು ಗೊಬ್ಬರದ ಚೀಲ ಎರಡನ್ನು ಬಾಯಿಗೆ ಹೊಲಿದು, ಹಾಲಿನವರ ಹಾಗೆ ಎರಡು ಕಡೆ ಇಳಿಬಿಟ್ಟು, ಹಳೇ ಟ್ಯೂಬ್ ಕತ್ತರಿಸಿ ಬಿಗಿದದ್ದು. ಸೂಳೆಕೆರೆಯವರೆಗೆ ಅದಕ್ಕೆ ಏನೂ ಆಗಲಿಲ್ಲ.

ಮೂರನೆಯದು ಲಗೇಜ್ ಆಟೊ. ಹೋದ ವರ್ಷ ಎರಡು ದಿನಕ್ಕೆ 4,500 ಕೇಳಿ 4,000ಕ್ಕೆ ಒಪ್ಪಿದರು. ಹತ್ತು ಜನಕ್ಕೆ ಹಂಚಿದರೆ ತಲೆಗೆ 400. ನಾಲ್ಕೇ ಜನ ಆದರೆ 1,000, ಜಾಸ್ತಿಯಾಯಿತು. ಸಾಮಾನಿನ ಜೊತೆ ನೀರಿನ ಕ್ಯಾನ್, ಕೆಟ್ಟ ಸೈಕಲ್, ಸುಸ್ತಾದ ಮನುಷ್ಯ ಎಲ್ಲ ಹತ್ತುತ್ತವೆ. ಕಾಲೇಜು ಹುಡುಗರು “ಆಟೊ ಹಿಂದೆ ಬಂದರೆ ಅದೇನು ಸೈಕಲ್ ಪ್ರವಾಸ?” ಅಂತ ಮೂಗು ಮುರಿಯುತ್ತಾರೆ. ಸೂಳೆಕೆರೆಗೆ ಅವರ ಮಾತು ಸರಿ, ಆಟೊ ಬೇಕಿಲ್ಲ. ಬ್ರಹ್ಮಗಿರಿಗೆ ಎಂಟಕ್ಕಿಂತ ಹೆಚ್ಚು ಜನ ಹೊರಟರೆ ನಾನು ಆಟೊ ಇಲ್ಲದೆ ಹೊರಡುವುದಿಲ್ಲ. ದುರ್ಗಕ್ಕೆ ಆಟೊ ಇದ್ದರೆ ಇನ್ನೊಂದು ಲಾಭ: ನೀವು ಕೋಟೆ ಹತ್ತಿರುವಾಗ ಸೈಕಲ್ ಕಾಯಲು ಡ್ರೈವರಣ್ಣ ಇರುತ್ತಾರೆ.

ಟೆಂಟ್ ಬಗ್ಗೆ ಒಂದು ಮಾತು. ಶಾಲೆ ಜಗಲಿ, ಸಮುದಾಯ ಭವನ ಗೊತ್ತಾಗಿದ್ದರೆ ಟೆಂಟ್ ಬರೀ ಭಾರ. ಇಬ್ಬರಿಗಾಗುವ ಅಗ್ಗದ ಟೆಂಟೇ ಎರಡು ಕೆ.ಜಿ. ದಾಟುತ್ತದೆ. ಚಾಪೆ, ಸೊಳ್ಳೆ ಪರದೆ, ಒಂದು ಕಂಬಳಿ ಸಾಕು. ನಾನು ಸ್ಲೀಪಿಂಗ್ ಬ್ಯಾಗ್ ಬಿಟ್ಟು ಚಳ್ಳಕೆರೆ ಕಂಬಳಿಗೆ ಬಂದು ನಾಲ್ಕು ವರ್ಷವಾಯಿತು. ಭಾರ ಇದೆ, ಚುಚ್ಚುತ್ತದೆ, ಇಬ್ಬನಿ ಬಿದ್ದರೆ ಕುರಿ ವಾಸನೆ. ಆದರೆ ಹಾಸಿದರೆ ನೆಲದ ತಂಪು ಮೇಲೆ ಬರುವುದಿಲ್ಲ, ಹೊದ್ದರೆ ಗಾಳಿ ಒಳಗೆ ಬರುವುದಿಲ್ಲ. ಜೊತೆಗೆ ಮಕ್ಕಳಿದ್ದರೆ ಮಾತ್ರ ಒಂದಾದರೂ ಟೆಂಟ್ ಒಯ್ಯಿರಿ. ಅವರು ಬರುವುದೇ ಅದಕ್ಕೆ.

ಊಟಕ್ಕೆ ಸ್ಟೌ ಹೊರಬೇಡಿ, ದಾರಿಯಲ್ಲಿ ಊರುಗಳಿವೆ. ಎರಡು ಸೇರು ಮಂಡಕ್ಕಿ, ಹುರಿದ ಶೇಂಗಾ, ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಸಣ್ಣ ಡಬ್ಬಿಯಲ್ಲಿ ಒಗ್ಗರಣೆ. ಸಂಜೆ ಸೈಕಲ್ ಇಳಿದ ಕೂಡಲೇ ಪೇಪರ್ ಹಾಸಿ ಕಲಸಿದರೆ ಹತ್ತು ಜನರ ಸಿಟ್ಟು ಇಳಿಯುತ್ತದೆ. ಮಂಡಕ್ಕಿಗೆ ಭಾರವಿಲ್ಲ, ಎಷ್ಟು ಬೇಕಾದರೂ ಕಟ್ಟಬಹುದು.

ಹಾಗಾದರೆ ನೀವು?

ಎರಡು ದಿನ, ಹೊಸಬರು, ಕೈಯಲ್ಲಿ ದುಡ್ಡು ಕಡಿಮೆ: ಸೂಳೆಕೆರೆ. ಗೊಬ್ಬರದ ಚೀಲ ಹೊಲಿಸಿ, ಹೊರಡಿ. ಎಲ್ಲ ಸೇರಿ ನಮಗೆ ತಲೆಗೆ 700 ದಾಟಲಿಲ್ಲ. ಇತಿಹಾಸ ಬೇಕು, ಆದರೆ ರಾತ್ರಿ ಹಾಸಿಗೆ, ಬೆಳಗ್ಗೆ ಬಿಸಿನೀರು ಬೇಕು ಅನ್ನುವವರಿಗೆ ದುರ್ಗ, ಮೂರು ದಿನ. ಅದರಲ್ಲೂ ಗೇರ್ ಸೈಕಲ್ ಇದ್ದವರು ಒಂದು ಬೆಳಗ್ಗೆ ಜೋಗಿಮಟ್ಟಿಗೆ ಮೀಸಲಿಡಿ, ಮಿಕ್ಕವರು ಚಂದ್ರವಳ್ಳಿಯಲ್ಲಿ ಅಡ್ಡಾಡಲಿ. ಒಮ್ಮೆಯಾದರೂ ಎರಡು ದಿನದ ಪ್ರವಾಸ ಮಾಡಿ ಬಂದ ಗುಂಪು, ಪಂಕ್ಚರ್ ಹಾಕಲು ಇಬ್ಬರಿಗೆ ಬರುತ್ತದೆ, ಆಟೊಗೆ ದುಡ್ಡಿದೆ: ಬ್ರಹ್ಮಗಿರಿ, ಡಿಸೆಂಬರ್ ಅಥವಾ ಜನವರಿಯಲ್ಲಿ. ಫೆಬ್ರವರಿ ಕೊನೆಗೆ ಮುಂದೂಡಬೇಡಿ, ಬಿಸಿಲಿಗೆ ಸಿಕ್ಕಿಕೊಳ್ಳುತ್ತೀರಿ. ಗುಂಪಿನಲ್ಲಿ ಎರಡು ಥರದವರೂ ಇದ್ದರೆ ಸೂಳೆಕೆರೆಗೇ ಹೋಗಿ. ಕಾಲು ಗಟ್ಟಿ ಇರುವವರು ಎರಡನೇ ದಿನ ಬೆಳಗ್ಗೆ ಚನ್ನಗಿರಿ ಬೆಟ್ಟದ ಕೋಟೆ ಮುಟ್ಟಿ ಬರಲಿ, ಮಿಕ್ಕವರು ಇಡ್ಲಿ ತಿನ್ನುತ್ತಾ ಕಾಯಲಿ.

ನಮ್ಮ ಗುಂಪು ಈ ಸಲ ಮತ್ತೆ ಬ್ರಹ್ಮಗಿರಿಗೆ. ಒಂಬತ್ತು ಜನ. ನಾಯಕನಹಟ್ಟಿಗೆ ಫೋನ್ ಮಾಡಿ ಆಗಿದೆ, ಟ್ಯೂಬ್ ಹನ್ನೆರಡು ತಂದಿಟ್ಟಿದ್ದೇವೆ. ಬರುವುದಿಲ್ಲ ಎನ್ನುತ್ತಿದ್ದ ಮಾವ ಮೊನ್ನೆ ರಾತ್ರಿ ಫೋನ್ ಮಾಡಿದರು. “ಲೇ, ಲಗೇಜ್ ಆಟೊ ಬರ್ತದಲ್ಲ?” ಬರುತ್ತದೆ ಮಾವ ಎಂದೆ. “ಹಂಗಾದ್ರೆ ಅದರಾಗೆ ನನ್ನ ದಿಂಬು ಒಂದು ಇರಲಿ.”